ಕುಂಕುಮ ಇಟ್ಟ ಡಬ್ಬಿ

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಹಿಂದೆಮುಂದೆ ನೋಡಿದೆ. ಕೊನೆಗೆ ನಿಮ್ಮ ದೊಡ್ಡಕ್ಕನನ್ನೇ ಕೇಳಿದೆ. "ಬರಿ ಅಜ್ಜಿ, ಚಿಕ್ಕವರಿಗೂ ಗೊತ್ತಾಗ್ಲಿ. ಆದ್ರೆ ನನ್ನ ಮೊಡವೆ ಬಗ್ಗೆ ಜಾಸ್ತಿ ಬರೀಬೇಡ" ಎಂದಳು. ಸರಿ, ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತೇನೆ.

ಆ ವರ್ಷ ಗೌರಿ ಹಬ್ಬಕ್ಕೆ ಮುಂಚೆ ನನ್ನ ದೊಡ್ಡ ಸೊಸೆ ಚಿಕ್ಕಜಾಲದ ತವರಿಗೆ ಹೋದಳು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು, ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಯಲಹಂಕದ ಪಕ್ಕದ ಸಿಂಗಾಪುರದ ನಮ್ಮ ಮನೆಯಲ್ಲಿ ಉಳಿದದ್ದು ನಾನು, ನನ್ನ ದೊಡ್ಡ ಮಗ, ಅವನ ಮಗಳು ಮೂರೇ ಜನ. ಅವಳೇ ನಿಮ್ಮ ದೊಡ್ಡಕ್ಕ. ಆಗಷ್ಟೇ ಡಿಗ್ರಿಗೆ ಸೇರಿದ್ದಳು. ಪಂದ್ಯಗಳಲ್ಲಿ ಕಬ್ಬಿಣದ ಗುಂಡು ಎಸೆಯುತ್ತಿದ್ದಳು. ಬೆಳಿಗ್ಗೆ ಯಲಹಂಕದ ಮೈದಾನ, ಸಂಜೆ ನಮ್ಮ ಮನೆಯ ಕೆಳಗಿನ ಜಿಮ್ಮು. ಆ ಜಿಮ್ಮಿನವನು ನಮ್ಮ ಬಾಡಿಗೆದಾರ. ಒಳ್ಳೆಯ ಮಾತುಗಾರ, ಕಂಡಾಗಲೆಲ್ಲ "ಅಜ್ಜಿ, ಊಟ ಆಯ್ತಾ" ಅನ್ನುತ್ತಿದ್ದ.

ನಮ್ಮ ಮನೆಯ ಒಂದು ಪದ್ಧತಿ ನಿಮಗೆ ಗೊತ್ತು. ಸಂಜೆ ದೀಪ ಹಚ್ಚುವುದು ಮನೆಯ ಹೆಣ್ಣುಮಕ್ಕಳು. ಮುಟ್ಟಾದವರು ಆ ದಿನಗಳಲ್ಲಿ ದೀಪ ಮುಟ್ಟುವುದಿಲ್ಲ. ನಾವು ಚಿಕ್ಕವರಿದ್ದಾಗ ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಈಗ ಅದೆಲ್ಲ ಹೋಗಿದೆ, ಹೋಗಿದ್ದು ಒಳ್ಳೆಯದೇ ಆಯಿತು. ದೀಪ ಒಂದು ಮಾತ್ರ ಉಳಿದುಕೊಂಡಿದೆ. ಅದು ಸರಿಯೋ ತಪ್ಪೋ ನೀವು ಬೇಕಾದರೆ ಜಗಳ ಆಡಿ, ನಾನು ಅಡ್ಡ ಬರುವುದಿಲ್ಲ. ಸೊಸೆ ಹೋದ ಮೇಲೆ ದಿನಾ ದೀಪ ಹಚ್ಚುತ್ತಿದ್ದವಳು ದೊಡ್ಡಕ್ಕ. ಆ ದಿನಗಳು ಬಂದರೆ ಬಾಗಿಲಲ್ಲೇ ನಿಂತು, "ಅಜ್ಜಿ, ಇವತ್ತು ದೀಪ ನೀನು" ಎಂದು ಹೇಳಿ ಹೋಗುತ್ತಿದ್ದಳು. ನಾನು ಎದ್ದು ಹಚ್ಚುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಇರಲಿಲ್ಲ. ನನ್ನ ಸ್ವಭಾವ ಅಂಥದ್ದು. ಇಂಥ ಮಾತನ್ನು ನನ್ನ ಸ್ವಂತ ತಾಯಿಯ ಹತ್ತಿರವೂ ಆಡಿದವಳಲ್ಲ.

ಕಾರ್ತಿಕ ಮಾಸದ ಒಂದು ಸಂಜೆ ಹೊಸ್ತಿಲಿಗೆ ಎರಡು ದೀಪ ಇಡೋಣ ಎಂದು ಬತ್ತಿಯ ಡಬ್ಬಿಗೆ ಕೈ ಹಾಕಿದೆ. ಇಟ್ಟ ಜಾಗದಲ್ಲಿ ಇರಲಿಲ್ಲ. ದೇವರ ಗೂಡಿನ ಎಡಕ್ಕೆ, ಬಲಕ್ಕೆ, ಕೆಳಗಿನ ಹಲಗೆಯಲ್ಲಿ ಹುಡುಕಿದೆ. ಎಣ್ಣೆ ಬಾಟಲಿಯ ಹಿಂದೆ ಸಿಕ್ಕಿತು. ದೊಡ್ಡಕ್ಕ ತನಗೆ ಅನುಕೂಲವಾಗುವ ಹಾಗೆ ಇಟ್ಟುಕೊಂಡಿದ್ದಳು. ಇವಳು ಇದನ್ನು ಯಾವಾಗ ಇಲ್ಲಿಟ್ಟಳು, ನನಗೆ ಯಾಕೆ ತಿಳಿಯಲಿಲ್ಲ ಎಂದುಕೊಂಡವಳು ಬೆರಳು ಮಡಿಸಿ ದಿನ ಎಣಿಸಿದೆ. ಗೌರಿ ಹಬ್ಬ ಕಳೆದ ಮೇಲೆ ದೀಪ ನನಗೆ ಬಂದದ್ದು ಒಂದೇ ಸಲ. ಆಮೇಲೆ ದಸರಾ ಹೋಯಿತು, ದೀಪಾವಳಿ ಹೋಯಿತು. ಅವಳು ಒಂದು ಸಂಜೆಯೂ ಬಾಗಿಲಲ್ಲಿ ನಿಲ್ಲಲಿಲ್ಲ.

ಮನಸ್ಸು ಮೊದಲು ಎಲ್ಲಿಗೆ ಹೋಯಿತು ಎಂದು ಬರೆಯುವುದಿಲ್ಲ. ಹೆಣ್ಣುಮಕ್ಕಳ ಮನೆಯಲ್ಲಿ ಯಾರ ಮನಸ್ಸಾದರೂ ಅಲ್ಲಿಗೇ ಹೋಗುತ್ತದೆ. ಆದರೆ ಕೂತು ಯೋಚಿಸಿದರೆ ಬೇರೆ ಗುರುತುಗಳು ಕಂಡವು. ದವಡೆಯ ಉದ್ದಕ್ಕೂ ಗಟ್ಟಿ ಮೊಡವೆ ಎದ್ದಿದ್ದವು. ದನಿ ಒಡೆದಿತ್ತು. ನೆಗಡಿ ಎಂದು ನಾನು ಮೆಣಸಿನ ಕಷಾಯ ಮಾಡಿ ಕೊಡುತ್ತಲೇ ಇದ್ದೆ, ನೆಗಡಿ ಬಿಡಲೇ ಇಲ್ಲ. ತೋಳು ಮಾತ್ರ ಕಲ್ಲಿನ ಹಾಗಾಗಿತ್ತು. ಗುಂಡು ಮೊದಲಿಗಿಂತ ದೂರ ಬೀಳುತ್ತಿದೆ ಎಂದು ನನ್ನ ಮಗ ಬೀದಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ. ಹುಡುಗನಾಗಿದ್ದಾಗ ಊರ ಗರಡಿಯಲ್ಲಿ ಮಣ್ಣು ಹೊತ್ತವನು ಅವನು. ಮಂಡಿ ಹೋಗಿ ಕುಸ್ತಿ ಬಿಟ್ಟಿದ್ದ. ಆ ಆಸೆಯೆಲ್ಲ ಮಗಳ ತೋಳಿಗೆ ಇಳಿದಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು.

ಮಾರನೆಯ ದಿನ ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಅವಳ ಮುಖ ನೋಡದೆ ಕೇಳಿದೆ. "ಯಾಕವ್ವ, ದೀಪ ನನಗೆ ಬರ್ತಾನೇ ಇಲ್ಲ?"

ಅವಳ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. "ಪ್ರಾಕ್ಟೀಸ್ ಜಾಸ್ತಿ ಆದ್ರೆ ಹಂಗಾಗತ್ತಂತೆ ಅಜ್ಜಿ."

"ಯಾರ್ ಅಂದ್ರು?"

"ಜಿಮ್ ಅಣ್ಣ."

"ಅವನಿಗ್ಯಾಕೆ ಹೇಳ್ದೆ? ನನ್ಗೆ ಹೇಳ್ಬಾರ್ದಿತ್ತಾ?"

"ನಿಂಗೆ ಹೆಂಗೆ ಹೇಳೋದು, ನೀನು ನಾಚ್ಕೊಂಡು ಎದ್ದು ಹೋಗ್ತೀಯ" ಎಂದವಳ ಕಣ್ಣು ತುಂಬಿಕೊಂಡವು. "ಪುಡಿ ಶುರು ಮಾಡಿದ್ಮೇಲೆ ಹಿಂಗಾಗಿದ್ದು. ಅಪ್ಪಂಗೆ ಹೇಳ್ಬೇಡ. ಸೆಲೆಕ್ಷನ್ ಮುಗೀಲಿ."

ಆ ಪುಡಿ ನನಗೆ ಗೊತ್ತಿತ್ತು. ದೊಡ್ಡ ಕಪ್ಪು ಡಬ್ಬಿ, ಮೇಲೆ ಎಲೆಯ ಚಿತ್ರ, ಸಸ್ಯಾಹಾರದ ಹಸಿರು ಚುಕ್ಕೆ. ಜಿಮ್ಮಿನವನು ತರಿಸಿಕೊಟ್ಟದ್ದು. ಪಾಲಕ್ಕಿನಲ್ಲೂ ಯಾವುದೋ ಗುಡ್ಡದ ಗಿಡದಲ್ಲೂ ಇರುವ ಸ್ಟಿರಾಯ್ಡಂತೆ, ಸೂಜಿ ಚುಚ್ಚಿಕೊಳ್ಳುವ ಕೆಟ್ಟ ಸ್ಟಿರಾಯ್ಡಲ್ಲವಂತೆ, ಬರೀ ಸೊಪ್ಪಂತೆ. ಸೊಪ್ಪು ಎಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಮಸ್ಸೊಪ್ಪು, ಬಸ್ಸಾರು ತಿಂದು ಬೆಳೆದವರು ನಾವು. ಶ್ರಾವಣದ ಶನಿವಾರವೂ ಅವಳು ಅದನ್ನು ಹಾಲಿಗೆ ಹಾಕಿಕೊಂಡು ಕುಡಿದಳು. ಆಯುಧಪೂಜೆಯ ದಿನ ನನ್ನ ಮಗ ಸ್ಕೂಟರು, ಕುಡುಗೋಲು, ಅವಳ ಕಬ್ಬಿಣದ ಗುಂಡು ಎಲ್ಲ ಸಾಲಾಗಿ ಇಟ್ಟು, ಪಕ್ಕದಲ್ಲಿ ಆ ಡಬ್ಬಿಯನ್ನೂ ಇಟ್ಟು ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದ. ಕೈ ಮುಗಿದವರಲ್ಲಿ ನಾನೂ ಇದ್ದೆ.

"ಆ ಗಿಡದ ಮದ್ದು ಏನ್ ಮಾಡತ್ತೆ?" ಎಂದು ಟೆರೇಸಿನಲ್ಲೇ ಅವಳನ್ನು ಕೇಳಿದೆ.

ಅವಳು ಮೊಬೈಲಿನಲ್ಲಿ ಓದಿ ಹೇಳಿದಳು. "ಮಸಲ್ ಬೆಳೆಸತ್ತಂತೆ. ಹುಳಗಳ ಮೈಯಲ್ಲೂ ಇದೇ ಇರತ್ತಂತೆ ಅಜ್ಜಿ, ಪೊರೆ ಬಿಡೋಕೆ."

ನಾನು ಅಲ್ಲೇ ಕೂತುಬಿಟ್ಟೆ. ನಿಮ್ಮ ತಾತ ಇದ್ದಾಗ ನಾವು ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಹಣ್ಣಾಗುವ ಹೊತ್ತಿಗೆ ಗಿಡದಿಂದ ತೆಗೆದ ಇಂಥದ್ದೇ ಒಂದು ಔಷಧಿಯನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಮುಕಿಸುತ್ತಿದ್ದೆವು. ತಿಂದ ಹುಳುಗಳೆಲ್ಲ ಒಟ್ಟಿಗೆ ಗೂಡು ಕಟ್ಟುವುದಕ್ಕೆ ಏಳುತ್ತಿದ್ದವು. ಕೆಲವರು ಆತುರಪಟ್ಟು, ಹುಳ ಹೊಟ್ಟೆತುಂಬ ತಿನ್ನುವ ಮೊದಲೇ ಹಾಕಿಬಿಡುತ್ತಿದ್ದರು. ಅವರ ಗೂಡು ಎಷ್ಟು ತೆಳ್ಳಗೆ ಎಂದರೆ ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿತ್ತು. ಮನುಷ್ಯರ ಮೈ ಹುಳದ ಮೈಯಲ್ಲ ಎಂದು ಆಮೇಲೆ ಡಾಕ್ಟರಮ್ಮ ಹೇಳಿದರು, ಇರಬಹುದು. ಆದರೆ ಅವತ್ತು ಆ ಟೆರೇಸಿನಲ್ಲಿ ನನಗೆ ಕಂಡದ್ದು ಆ ತೆಳ್ಳನೆಯ ಗೂಡುಗಳೇ.

ಸೊಸೆಗೆ ಫೋನಿನಲ್ಲಿ ಹೇಳುವ ಮಾತಲ್ಲ. ಹೇಳಿದರೆ ಮಲಗಿದ ತಾಯಿಯನ್ನು ಬಿಟ್ಟು ಓಡಿ ಬರಬೇಕು. ಮಗನಿಗೆ ನಾನೇ ಹೇಳಬೇಕಿತ್ತು. ಎರಡು ಸಲ ಊಟಕ್ಕೆ ಬಡಿಸುವಾಗ ಬಾಯಿ ತೆರೆದೆ, ಎರಡು ಸಲವೂ "ಇನ್ನೊಂದು ಮುದ್ದೆ ಹಾಕ್ಲಾ" ಎಂದು ಕೇಳಿ ಮುಚ್ಚಿಕೊಂಡೆ.

ಭಾನುವಾರ ಜಿಮ್ಮಿನವನು ಹೊಸ ಡಬ್ಬಿ ಹಿಡಿದುಕೊಂಡು ಮೇಲೆ ಬಂದ. ಆಯ್ಕೆಗೆ ಇನ್ನು ಒಂದು ವಾರ ಇತ್ತು. ಇನ್ನು ಮುಂದೆ ದಿನಕ್ಕೆ ಎರಡು ಚಮಚ ಎಂದು ನನ್ನ ಮಗನಿಗೆ ವಿವರಿಸುತ್ತಿದ್ದ. ದೊಡ್ಡಕ್ಕ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು.

"ಆ ಪುಡಿ ಸಾಕು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ.

"ಪ್ಯೂರ್ ವೆಜ್ ಅಜ್ಜಿ! ಪಾಲಕ್ ಸೊಪ್ಪು ಕಣಜ್ಜಿ" ಎಂದು ಅವನು ನಕ್ಕ.

"ಸೊಪ್ಪೇ ಆದ್ರೆ ನಾನೇ ಬೇಯಿಸಿ ಹಾಕ್ತೀನಪ್ಪ. ಡಬ್ಬಿ ಯಾಕೆ?"

"ಒಂದು ಚಮಚಕ್ಕೆ ಒಂದು ಗಾಡಿ ಸೊಪ್ಪು ಬೇಕಾಗತ್ತೆ. ಬೇಯಿಸ್ತೀಯಾ?"

ನನ್ನ ಮಗನೂ ನಕ್ಕ. "ನೀನ್ ಸುಮ್ನಿರವ್ವ. ನಿಂಗೆ ಇವೆಲ್ಲ ಗೊತ್ತಾಗಲ್ಲ. ಯಾಕ್ ಇಂಗೆ ಅಡ್ಡ ಬಾಯಿ ಹಾಕ್ತೀಯ?"

ಇಬ್ಬರು ಗಂಡಸರ ಎದುರಿಗೆ ಆ ಮಾತು ನನ್ನ ನಾಲಿಗೆಯ ಮೇಲೆ ಬರಲಾರದು. ಸೆರಗನ್ನು ಬಾಯಿಗೆ ಹಿಡಿದುಕೊಂಡು, ನೆಲ ನೋಡುತ್ತಾ, "ದಸರಾಕ್ಕೆ ಮುಂಚಿನಿಂದ ಇವಳು ಒಂದು ದಿನಾನೂ ದೀಪ ಬಿಟ್ಟಿಲ್ಲ ಕಣೋ" ಎಂದೆ.

"ಒಳ್ಳೇದೇ ಆಯ್ತಲ್ಲ ಅಜ್ಜಿ, ಭಕ್ತಿ ಇದ್ರೆ ಮೆಡಲ್ ಗ್ಯಾರಂಟಿ" ಎಂದ ಜಿಮ್ಮಿನವನು.

ನನ್ನ ಮಗ ಮಾತ್ರ ಇದೇ ಮನೆಯಲ್ಲಿ ಹುಟ್ಟಿ ಬೆಳೆದವನು. ಅವನ ನಗು ಅರ್ಧಕ್ಕೆ ನಿಂತಿತು. ನನ್ನನ್ನು ನೋಡಿದ, ಮಗಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಹೊಸ ಡಬ್ಬಿಯನ್ನು ತಳ್ಳಿ, "ತಗೊಂಡ್ ಹೋಗು ಗುರು, ಆಮೇಲೆ ಮಾತಾಡೋಣ" ಎಂದ.

ಮಾರನೆಯ ದಿನವೇ ಮೂವರೂ ಸಹಕಾರನಗರದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಹಳೆಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮುಚ್ಚಳದ ಕುಂಕುಮ ಅವರ ಬೆರಳಿಗೂ ಹತ್ತಿತು. ದನಿ, ಮೊಡವೆ ಎಲ್ಲ ವಿಚಾರಿಸಿದರು. "ಬರೀ ಎಲೆಯ ಸಾರದಿಂದ ಇಷ್ಟೆಲ್ಲ ಆಗೋದು ನನಗೆ ಅನುಮಾನ. ಆದರೆ ಹೊರಗೆ ಬರೆದಿರೋದೇ ಒಳಗಿದೆ ಅಂತ ಹೇಳೋಕಾಗಲ್ಲ. ಇಂಥದ್ದಕ್ಕೆ ಗಂಡಸರ ಹಾರ್ಮೋನಿನ ಥರದ್ದು ಬೆರೆಸಿರೋದೂ ಉಂಟು. ಇವತ್ತೇ ನಿಲ್ಲಿಸಿ. ರಕ್ತ ಪರೀಕ್ಷೆ ಮಾಡಿಸಿ. ಮುಟ್ಟು ವಾಪಸ್ ಬರಬಹುದು, ದನಿ ಪೂರ್ತಿ ಬರುತ್ತೋ ಇಲ್ಲವೋ ಕಾಯಬೇಕು" ಎಂದರು.

ಮಗ, "ಮೇಡಂ, ಆಯ್ಕೇಲಿ ಮೂತ್ರ ಪರೀಕ್ಷೆ ಇದೆಯಂತೆ. ಇವಾಗ ನಿಲ್ಸಿದ್ರೆ ಅಷ್ಟರಲ್ಲಿ ಹೋಗ್ಬಿಡತ್ತಾ?" ಎಂದ.

"ಒಳಗೆ ಏನಿದೆ ಅಂತಾನೇ ಗೊತ್ತಿಲ್ವಲ್ಲ. ಸಿಕ್ಕಿಬಿದ್ರೆ ವರ್ಷಗಟ್ಟಲೆ ಆಡೋ ಹಾಗಿಲ್ಲ."

ಗೆದ್ದವರನ್ನು ಮಾತ್ರ ಪರೀಕ್ಷೆ ಮಾಡುತ್ತಾರಂತೆ ಎಂದು ಆ ವಾರ ಒಂದು ದಿನ ಮಗ ತನ್ನಷ್ಟಕ್ಕೇ ಹೇಳಿಕೊಂಡ. "ಹಂಗಾದ್ರೆ ಸೋಲ್ಬೇಕಾ ಅಪ್ಪ?" ಎಂದು ದೊಡ್ಡಕ್ಕ ಕೇಳಿದಳು. ಅವನು ಎದ್ದು ಹೋದ. ಮುಂದೇನು ಮಾಡುವುದು ಎಂದು ಯಾರೂ ತೀರ್ಮಾನ ಮಾಡಲಿಲ್ಲ.

ಆಯ್ಕೆಯ ದಿನ ನಾನೂ ಹೋದೆ. ಅಲ್ಲಿಯತನಕ ಅವಳು ಎಸೆಯುವುದನ್ನು ಕಣ್ಣಾರೆ ಕಂಡವಳಲ್ಲ. ಅವಳ ಬೆನ್ನಿಗೆ ನಂಬರಿನ ಚೀಟಿ ಚುಚ್ಚಿದ್ದರು. ಒಬ್ಬೊಬ್ಬರಾಗಿ ಹುಡುಗಿಯರು ಸುಣ್ಣದ ಗೆರೆಯ ವೃತ್ತಕ್ಕೆ ಇಳಿದು, ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು, ತಿರುಗಿ ಎಸೆಯುತ್ತಿದ್ದರು. ಅವಳ ಹೆಸರು ಕೂಗಿದರು. ಎದ್ದಳು. ನನ್ನ ಮಗ ಬೇಲಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವಳು ವೃತ್ತದ ಕಡೆಗೆ ಹೋಗಲಿಲ್ಲ. ಬ್ಯಾಗಿಗೆ ಕೈ ಹಾಕಿ, ಆ ಡಬ್ಬಿ ತೆಗೆದುಕೊಂಡು, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತನ್ನ ಕೋಚ್ ಮೇಡಂ ಮುಂದೆ ಇಟ್ಟಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಮೇಡಂ ಬೈದದ್ದು ಮಾತ್ರ ಇಡೀ ಮೈದಾನಕ್ಕೆ ಕೇಳಿಸಿತು.

"ಬುದ್ಧಿ ಇದೆಯೇನೇ ನಿಂಗೆ? ನನ್ನ ಕೇಳ್ದೆ ಬಾಯಿಗೆ ಹಾಕ್ಕೊಂಡ್ಯಾ? ಇದೇನಿದು ಕುಂಕುಮ, ಪೂಜೆ ಬೇರೆ ಮಾಡಿದ್ದೀರಾ ಇದಕ್ಕೆ!" ಆಮೇಲೆ ಅವರೇ ಎದ್ದು ಅವಳ ಬೆನ್ನಿನ ಪಿನ್ನುಗಳನ್ನು ಬಿಚ್ಚಿದರು. ಬಿಚ್ಚುತ್ತಾ ದನಿ ತಗ್ಗಿಸಿ, "ಮುಂದಿನ ವರ್ಷ ಬಾ. ಈಗ ಮನೆಗೆ ಹೋಗು" ಎಂದರು.

ನನ್ನ ಮಗನಿಗೆ ಕಂಬಿ ಬಿಡಲು ಬಹಳ ಹೊತ್ತು ಹಿಡಿಯಿತು. ಅವಳ ಗುಂಡನ್ನು ತಾನೇ ಎತ್ತಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದು ಸ್ಕೂಟರಿನವರೆಗೆ ನಡೆದ.

ಜಿಮ್ಮಿನವನು ತಾನೂ ನಂಬಿಯೇ ಕೊಟ್ಟದ್ದು ಎಂದು ಆಣೆ ಮಾಡಿದ. ತಾನೂ ಅದನ್ನೇ ಕುಡಿಯುತ್ತಿದ್ದನಂತೆ. ಇರಬಹುದು. ಅವನು ಈಗಲೂ ಕೆಳಗೇ ಇದ್ದಾನೆ. ಊಟ ಆಯ್ತಾ ಎಂದು ಕೇಳುವುದನ್ನು ಕೆಲವು ದಿನ ಬಿಟ್ಟಿದ್ದ.

ಮುಂದಿನ ದಿನಗಳೇ ನನಗೆ ಕಷ್ಟವಾದದ್ದು. ದೊಡ್ಡಕ್ಕ ಸಂಜೆ ಕೈಕಾಲು ತೊಳೆದು ದೀಪ ಹಚ್ಚುತ್ತಿದ್ದಳು, ನಾನು ಅವಳ ಬೆನ್ನು ನೋಡುತ್ತಾ ಕೂತಿರುತ್ತಿದ್ದೆ. ಅವಳು ಹಚ್ಚಿದಾಗಲೆಲ್ಲ ಇವತ್ತೂ ಇಲ್ಲವಲ್ಲ ಎನ್ನಿಸುತ್ತಿತ್ತು. ದೇವರ ಮುಂದೆ ದೀಪ ಉರಿಯುವುದನ್ನು ನೋಡಿ ಸಂಕಟಪಟ್ಟದ್ದು ನನ್ನ ಜೀವಮಾನದಲ್ಲಿ ಆಗ ಮಾತ್ರ.

ಧನುರ್ಮಾಸದ ಚಳಿ ಶುರುವಾಗಿತ್ತು. ಒಂದು ಸಂಜೆ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ, ಮಗ ಟಿವಿ ನೋಡುತ್ತಿದ್ದ. ಅವಳು ಬಾಗಿಲಲ್ಲಿ ಬಂದು ನಿಂತಳು. ದನಿ ಇನ್ನೂ ಹಾಗೇ ಒಡಕಾಗಿತ್ತು, ಇವತ್ತಿಗೂ ಸ್ವಲ್ಪ ಹಾಗೇ ಇದೆ.

"ಅಜ್ಜಿ, ಇವತ್ತು ದೀಪ ನೀನು."

ಮಡಿಲಲ್ಲಿದ್ದ ಅವರೆಕಾಯಿ ಚೆಲ್ಲಿದ್ದೂ ನನಗೆ ತಿಳಿಯಲಿಲ್ಲ. ನಾನು ಏಳುವಷ್ಟರಲ್ಲಿ ನನ್ನ ಮಗ ಟಿವಿ ಆರಿಸಿ ಎದ್ದಿದ್ದ. ದೇವರ ಗೂಡಿನ ಹತ್ತಿರ ಹೋಗಿ, ಎಣ್ಣೆ ಬಾಟಲಿಯ ಹಿಂದಿನಿಂದ ಬತ್ತಿಯ ಡಬ್ಬಿ ತೆಗೆದು ತಂದು, ನನ್ನ ಮುಖ ನೋಡದೆ ನನ್ನ ಕೈಗೆ ಕೊಟ್ಟ.