ಟವರಿನ ನೆತ್ತಿ, ಹಿತ್ತಲ ಕೋಣೆ

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ಹೊಲಿಗೆಯಕ್ಕ ಎನ್ನುತ್ತಾರೆ. ನಾನೂ ಅಕ್ಕ ಎಂದೇ ಕರೆಯುವುದು, ಜಗಳವಾಡುವಾಗಲೂ. ಕೆಳಗೆ ಅವಳ ಅಂಗಡಿ, ಮೇಲೆ ನಾವೆಲ್ಲ ಒಟ್ಟಿಗಿರುವ ಮನೆ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವಳೇ ಅಲ್ಲ. ಗಿರಾಕಿಗಳು ಫೋನ್ ಮಾಡಿ ರೇಗಿದರೆ, "ಹಲೋ, ಹಲೋ, ಕೇಳಿಸ್ತಿಲ್ಲ ಕಣ್ರೀ, ಕಟ್ ಆಗ್ತಿದೆ" ಎಂದು ಫೋನಿಟ್ಟು, ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ. ನಮ್ಮ ಬೀದಿಯಲ್ಲಿ ಸಿಗ್ನಲ್ ಅನ್ನುವುದು ಬಂದರೆ ಬಂತು, ಹೋದರೆ ಹೋಯಿತು.

ಆ ತಮಾಷೆ ಅವಳ ಅಪ್ಪ ಬಿದ್ದ ದಿನ ಮುಗಿಯಿತು. ಮೊದಲು ಬಸ್ ಓಡಿಸುತ್ತಿದ್ದ ಅವರು ನಮ್ಮ ಜೊತೆಗೇ ಇದ್ದರು. ಮೆಟ್ಟಿಲಿಳಿಯುವಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸಿಗೆ ಫೋನೇ ಹೋಗಲಿಲ್ಲ. ಅಕ್ಕ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಬೀದಿಯ ಉದ್ದಕ್ಕೂ ಬರಿಗಾಲಲ್ಲಿ ಓಡುತ್ತಿದ್ದಳು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಆ ನೋವಿನಲ್ಲೂ, "ಅವಳಿಗೆ ಚಪ್ಪಲಿ ಹಾಕ್ಕೊಳ್ಳೋಕೆ ಹೇಳಮ್ಮಾ" ಎನ್ನುತ್ತಿದ್ದರು.

ಕೆಲವು ತಿಂಗಳು ಆಸ್ಪತ್ರೆಯಲ್ಲೇ ಇರಬೇಕು, ಆಮೇಲೂ ಮೆಟ್ಟಿಲು ಹತ್ತುವಂತಿಲ್ಲ ಎಂದರು ಡಾಕ್ಟರು. ಕೆಳಗಿನ ಅಂಗಡಿಯಲ್ಲಿ ಒಂದು ಮಂಚ ಹಾಕುವಷ್ಟೂ ಜಾಗವಿಲ್ಲ. ಅಕ್ಕ ಹಿತ್ತಲಲ್ಲಿ ಅಪ್ಪನಿಗೊಂದು ಕೋಣೆ ಕಟ್ಟಿಸಲು ಪುರಸಭೆಯಿಂದ ಒಪ್ಪಿಗೆ ತಂದಳು, ಗೋಡೆ ಏಳಿಸಿದಳು. ಜೊತೆಗೆ ಸಿಗ್ನಲ್ಲಿನ ಬೆನ್ನು ಹತ್ತಿದಳು.

ಹಿತ್ತಲ ಗೋಡೆಯಾಚೆ ಒಂದು ಹಳೆಯ ಟವರ್ ಇದೆ. ಮನೆಗಳ ನಡುವೆ ಹೊಸ ಟವರ್ ನಿಲ್ಲಿಸಬಾರದು ಎಂಬುದು ಪುರಸಭೆಯ ನಿಯಮ. ಇರುವ ಟವರಿಗೆ ಆಂಟೆನಾ ಸೇರಿಸಬಹುದು, ಆದರೆ ಸುತ್ತಲಿನವರು ಸಭೆಯಲ್ಲಿ ಒಪ್ಪಬೇಕು. ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಮನೆಮನೆ ತಿರುಗಿದಳು. ಗಾರೆಯವನು ದಿನವೂ ಅಂಗಡಿಗೆ ಬಂದು, "ಅಕ್ಕಾ, ಬಾಗಿಲು ಯಾವತ್ತು ಇಡ್ಲಿ?" ಎಂದು ಕೇಳಿ ಹೋಗುತ್ತಿದ್ದ. "ಸಭೆ ಮುಗೀಲಿ ಕಣಪ್ಪಾ" ಎನ್ನುತ್ತಿದ್ದಳು.

ಸಭೆಯಲ್ಲಿ ಎದ್ದು ನಿಂತು, "ನಾವೇನು ಹೊಸ ಟವರ್ ಕೇಳ್ತಿದೀವಾ? ಇರೋದರ ನೆತ್ತಿ ಮೇಲೆ ಒಂದು ಕಂಬ, ಅದಕ್ಕೆ ನಾಲ್ಕು ಆಂಟೆನಾ. ಅಷ್ಟು ಮೇಲೆ ಏನೋ ಇಟ್ರೆ ಕೆಳಗಿರೋರಿಗೆ ಏನ್ರೀ ನಷ್ಟ?" ಎಂದಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ.

ಕಂಬ ಏರಿತು. ಮರುದಿನ ಪುರಸಭೆಯ ಅಳತೆಯವನು ಬಂದ. ಸೀಮೆಸುಣ್ಣ ಮರೆತು ಬಂದಿದ್ದ. ಅಕ್ಕ ನಗುನಗುತ್ತಾ ಬಟ್ಟೆಗೆ ಗುರುತು ಹಾಕುವ ತನ್ನ ಸುಣ್ಣದ ಬಿಲ್ಲೆಯನ್ನೇ ಕೊಟ್ಟು, "ಉಳಿದದ್ದು ವಾಪಸ್ ಕೊಡಿ, ನೀವು ಸರ್ಕಾರದೋರು" ಎಂದಳು. ಅವನು ಟವರಿನ ಬುಡದಿಂದ ಟೇಪು ಎಳೆದುಕೊಂಡು ಬಂದು, ನಮ್ಮ ಹಿತ್ತಲಲ್ಲಿ ಗೆರೆ ಎಳೆಯುತ್ತಾ ಹೋದ. ಗೆರೆ ಬಾಗಿಲಿಲ್ಲದ ಕೋಣೆಯೊಳಗೆ ನುಗ್ಗಿ, ನೆಲವನ್ನು ಸೀಳಿ, ಆ ಕಡೆಯ ಗೋಡೆಗೆ ಹೋಗಿ ಮುಟ್ಟಿತು.

"ಇದೇನು?" ಎಂದಳು ಅಕ್ಕ.

"ಟವರ್ ಎಷ್ಟು ಎತ್ತರವೋ ಅಷ್ಟು ದೂರದವರೆಗೆ ಹೊಸದಾಗಿ ಯಾರೂ ವಾಸ ಮಾಡೋ ಹಾಗಿಲ್ಲ. ಅಕಸ್ಮಾತ್ ಬಿದ್ರೆ ಅಂತ. ಕಂಬ ಸೇರಿ ಟವರ್ ಎತ್ತರವಾಯ್ತಲ್ಲ, ಅದಕ್ಕೆ ಗೆರೆ ಮುಂದೆ ಬಂತು. ಕೋಣೆ ಮುಗಿದು ವಾಸಕ್ಕೆ ಒಪ್ಪಿಗೆ ಸಿಕ್ಕಿದ್ರೆ ಹಳೇ ಮನೆ ಲೆಕ್ಕಕ್ಕೆ ಬಂದು, ಗೆರೆ ಅಡ್ಡ ಬರ್ತಿರಲಿಲ್ಲ. ಒಂದು ಬಾಗಿಲು ಇಟ್ಟಿದ್ರೆ ಕೋಣೆ ಮುಗೀತು ಅಂತ ಆ ಒಪ್ಪಿಗೆ ಸಿಕ್ಕಿರೋದು."

ಬಾಗಿಲು! ದಿನವೂ ಬಂದು ಕೇಳಿದ್ದನಲ್ಲ ಆ ಗಾರೆಯವನು! ಸಭೆಯಲ್ಲಿ ನಿಯಮದ ಅರ್ಧ ಭಾಗವನ್ನು ಎಲ್ಲರೂ ಬಾಯಿಪಾಠ ಮಾಡಿದ್ದೆವು, ಉಳಿದರ್ಧ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನಂಬಲು ಆಗಲೇ ಇಲ್ಲ, ಈಗಲೂ ಆಗುವುದಿಲ್ಲ. ಆಕಾಶದಲ್ಲಿ ಒಂದು ಕಂಬ ಕೂತಿದ್ದಕ್ಕೆ ನೆಲದ ಮೇಲಿನ ಕೋಣೆ ಹೋಗುವುದೆಂದರೇನು? ಅಕ್ಕ ಕಿಟಕಿಯ ಕೆಳಗೆ, ಮಂಚಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಕುಸಿದು ಕೂತಳು.

"ಕಂಬ ಇಳಿಸಿಬಿಡಿ" ಎಂದೆ ನಾನು.

"ಅದಕ್ಕೆ ಮತ್ತೆ ಸಭೆ ಸೇರಬೇಕು. ಮುಂದಿನ ಸಭೆ ಮಳೆಗಾಲ ಕಳೆದ ಮೇಲೆ" ಎಂದ. ಅಲ್ಲಿಯವರೆಗೆ ಅಪ್ಪ ಎಲ್ಲಿರಬೇಕು? ನಾಡಿದ್ದು ಆಸ್ಪತ್ರೆಯಿಂದ ಬಿಡುತ್ತಿದ್ದರು. ಮನೆಯಲ್ಲಿ ಜಾಗವಿಲ್ಲದಿದ್ದರೆ ದೂರದ ಊರಿನ ಆರೈಕೆ ಕೇಂದ್ರಕ್ಕೆ ಕಳಿಸುತ್ತೇವೆಂದು ಮೊದಲೇ ಹೇಳಿದ್ದರು. ಅಲ್ಲಿಗೆ ಮಾತ್ರ ಕಳಿಸಬೇಡ ಎಂದು ಅವರು ಮಗಳ ಕೈ ಹಿಡಿದು ಕೇಳಿಕೊಂಡಿದ್ದರು.

ಅಳತೆಯವನು ಉಳಿದ ಸುಣ್ಣದ ಚೂರನ್ನು ಕಿಟಕಿಯ ಮೇಲಿಟ್ಟು ಹೊರಟುಹೋದ.

ಆಗಲೇ ಅಕ್ಕನ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯಿಂದ ಅವಳ ಅಪ್ಪ. ಅವರ ದನಿ ಆ ಖಾಲಿ ಕೋಣೆಯ ತುಂಬ ಕೇಳಿಸಿತು, ನಾನು ನಿಂತಲ್ಲಿಗೂ.

"ಅಬ್ಬಾ, ಏನು ಚೆನ್ನಾಗಿ ಸಿಕ್ತಮ್ಮಾ ಫೋನು! ಪಕ್ಕದಲ್ಲೇ ಕೂತ ಹಾಗಿದೆ. ನನ್ನ ಮಗಳು ಸಾಮಾನ್ಯದೋಳಲ್ಲ ಅಂತ ಇಲ್ಲಿ ನರ್ಸಮ್ಮನಿಗೆಲ್ಲ ಹೇಳಿದೀನಿ. ಕೋಣೆಗೆ ಬಾಗಿಲಿಟ್ರಾ?"

ಅಕ್ಕ ನನ್ನ ಕಡೆ ನೋಡಿದಳು.

"ಅಪ್ಪಾ, ಹಲೋ, ಕೇಳಿಸ್ತಿಲ್ಲ. ಕಟ್ ಆಗ್ತಿದೆ."

"ಇಲ್ವಲ್ಲಮ್ಮಾ" ಎಂದರು ಅವರು. "ನನಗೆ ನೀನು ಅಳ್ತಿರೋದೂ ಕೇಳಿಸ್ತಿದೆ. ಏನಾಯ್ತು ಹೇಳು."