ಮಾವನ ಟವಲು

ನಮ್ಮ ಮಾವ ಸಿದ್ಲಿಂಗಪ್ಪನವರು ಹೆಗಲ ಮೇಲಿನ ಕೆಂಪು ಅಂಚಿನ ಟವಲನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪಂಚೆ, ಅಂಗಿ ಎಲ್ಲ ನಾನು ಒಗೆಯಬೇಕು. ಟವಲು ಮಾತ್ರ ಅವರೇ. ಸಂತೆಯಿಂದ ಬಂದವರು ನೇರ ಬಾವಿಕಟ್ಟೆಗೆ ಹೋಗಿ ಅದನ್ನು ಒಗೆದು, ಹಿಂಡಿ, ಹರವಿ, ಆಮೇಲೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುತ್ತಿದ್ದರು. ಮದುವೆಯಾಗಿ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬಂದ ಮೊದಲ ತಿಂಗಳಿಂದಲೇ ನನಗೆ ಆ ಟವಲಿನ ಮೇಲೆ ಅನುಮಾನ.

ಇದು ಸರ್ಕಾರ ಹೆಂಡದಂಗಡಿ ಮುಚ್ಚಿಸುವುದಕ್ಕೆ ಮುಂಚಿನ ಮಾತು. ಮಾವ ದನಗಳ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದೇ ತೀರ್ಮಾನವಾಗಬೇಕು. ಮನೆಯಲ್ಲೂ ಅದೇ ಚಾಳಿ. ಅರ್ಧ ಮುದ್ದೆ ಬೇಕಾದರೆ ಬೆರಳು ಮಡಿಚಿ ತೋರಿಸುವರು. ನನಗೆ ಕಂಡಿದ್ದೂ ಬೆರಳೇ. ಅತ್ತೆ ತೀರಿಹೋಗಿದ್ದರು; ಮಾವನ ಎದುರು ಸೊಸೆ ನಿಲ್ಲುವ ಮನೆಯಲ್ಲ ಅದು. ಬಾಗಿಲ ಮರೆಯಿಂದ ತಟ್ಟೆ ಸರಿಸಿ ಒಳಗೆ ಬರುತ್ತಿದ್ದೆ.

ಒಂದು ಸಂತೆಯ ದಿನ ನೆಂಟರು ಬಂದಿದ್ದರಿಂದ ಟವಲು ಒಗೆಯದೆ ಬಾವಿಕಟ್ಟೆಯ ಮೇಲೆ ಉಳಿಯಿತು. ಎತ್ತಿ ಮೂಸಿದೆ. ಹುಳಿ ಹೆಂಡ! ಕುಡಿದು ಹಾಳಾದ ನಮ್ಮ ಚಿಕ್ಕಪ್ಪನ ಮೈಯಿಂದ ಬರುತ್ತಿದ್ದ ಅದೇ ನಾತ.

ಬಂದಿದ್ದ ನೆಂಟರು ಬೇರಾರೂ ಅಲ್ಲ, ನಮ್ಮಪ್ಪ. ತಂಗಿ ಗಿರಿಜೆಯನ್ನು ನನ್ನ ಮೈದುನ ಮಲ್ಲೇಶನಿಗೆ ಕೊಡುವ ಮಾತಾಡಲು ಬಂದಿದ್ದರು. ಗಿರಿಜೆಗೂ ಮನಸ್ಸಿತ್ತು. ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದು, "ನೀನು ಹೆಂಗಂದ್ರೆ ಹಂಗೆ ಕಣಮ್ಮ. ಮನೆ ಎಂಥದ್ದು?" ಎಂದರು.

"ಬ್ಯಾಡಪ್ಪ. ಮಾವ ಕುಡೀತಾರೆ. ಮಗ ನಾಳೆ ಕುಡೀದೆ ಬಿಡ್ತಾನಾ?"

ಅಪ್ಪ ಏನೋ ನೆಪ ಹೇಳಿ ಹೊರಟುಬಿಟ್ಟರು. ಮಾವ ಬಾಗಿಲ ಕಡೆ ತಿರುಗಿ, "ಋಣ ಇಲ್ಲ, ಬಿಡಮ್ಮ" ಎಂದಷ್ಟೇ ಅಂದರು. ಗಿರಿಜೆಯನ್ನು ಕಂಬದೂರಿಗೆ ಕೊಟ್ಟರು. ಕುಡಿಯುವವರ ಮನೆಯೇನಲ್ಲ. ಆದರೆ ಅವಳು ಅಲ್ಲಿ ನಕ್ಕಿದ್ದನ್ನು ನಾನು ಕಾಣೆ.

ಆರು ವರ್ಷದ ನಂತರ ಒಂದು ಮಧ್ಯಾಹ್ನ, ಸಂತೆಯಿಂದ ಬಂದ ಮಾವ ಪಡಸಾಲೆಯಲ್ಲೇ ಕುಸಿದರು. ಮನೆಯಲ್ಲಿ ನಾನೊಬ್ಬಳೇ. ಸೆರಗು ಮರೆತು ಓಡಿಹೋಗಿ, ತಲೆ ಎತ್ತಿಹಿಡಿದು ನೀರು ಕುಡಿಸಿದೆ. ಟವಲು ಹೆಂಡದಲ್ಲಿ ತೊಯ್ದು ನಾರುತ್ತಿತ್ತು. ಬಾಯಲ್ಲಿ ಮಾತ್ರ ಲವಂಗದ ವಾಸನೆ. ನಂಬಿಕೆ ಬರದೆ, ನಾಚಿಕೆ ಬಿಟ್ಟು ಮತ್ತೆ ಬಗ್ಗಿದೆ.

"ಏನಮ್ಮ, ಮೂಸಿ ನೋಡ್ತಿದ್ದೀಯಾ?" ಮಾವ ನಕ್ಕರು. "ಈ ಬಾಯಿಗೆ ಒಂದು ತೊಟ್ಟೂ ಬಿದ್ದಿಲ್ಲ ಕಣಮ್ಮ. ಎಲ್ಲಾ ಟವಲೇ ಕುಡ್ಕಂಡ್ಬುಡ್ತು."

"ಹಂಗಂದ್ರೆ, ಮಾವ?"

"ವ್ಯಾಪಾರ ಮುಗಿದ್ಮ್ಯಾಕೆ ಕೊಂಡೋನು, ಮಾರ್ದೋನು, ದಲ್ಲಾಳಿ, ಮೂರು ಜನಾನೂ ಒಂದೇ ಮಡಕೇದು ಕುಡೀಬೇಕು. ಕುಡೀದಿದ್ರೆ ‘ವೀಡ್ನಿ ನಮ್ಮಕೂಡದು’, ಇವನ್ನ ನಂಬಬಾರದು ಅಂತಾರೆ. ಏನೋ ಮುಚ್ಚಿಟ್ಕಂಡವ್ನೆ ಅಂತ ಅನುಮಾನ. ನಾನು ತುಟಿ ಹತ್ರ ಹಿಡಿಯೋದು, ಟವಲಿಗೆ ಸುರಿಯೋದು."

"ಅವತ್ತೇ ಹೇಳಬಾರದಿತ್ತಾ? ನಮ್ಮ ಗಿರಿಜ..."

"ನಾನು ಕುಡಿಯಲ್ಲ ಅಂತ ನಿಮ್ಮಪ್ಪನ ಬಾಯಿಂದ ಸಂತೆಗೆಲ್ಲಾ ಗೊತ್ತಾಗಿದ್ರೆ, ಆಮ್ಯಾಕೆ ನನ್ನ ಬೆರಳು ಯಾರು ಹಿಡೀತಿದ್ರು?" ಟವಲನ್ನು ಪಕ್ಕಕ್ಕೆ ಸರಿಸಿದರು. "ಹಿತ್ತಿಲಲ್ಲಿ ನೀನಂದಿದ್ದು ಕಿವಿಗೆ ಬಿದ್ದಿತ್ತು. ನೀನಾದ್ರೂ ಒಂದ್ಸಲ ಕೇಳ್ತೀಯ ಅಂತಿದ್ದೆ ಕಣಮ್ಮ."

ಮೂರನೆಯ ದಿನ ಹೋಗಿಬಿಟ್ಟರು. ಗಿರಿಜೆ ಕಂಬದೂರಿನಿಂದ ಬಂದಳು. ಮಲ್ಲೇಶನ ಕಡೆ ನೋಡದೆ ನನ್ನ ಪಕ್ಕ ಕೂತು, ಮೂಲೆಯಲ್ಲಿದ್ದ ಟವಲಿನ ನಾತಕ್ಕೆ ಮೂಗು ಮುಚ್ಚಿಕೊಂಡು, "ನೀನು ಅವತ್ತು ಅಪ್ಪನಿಗೆ ಹೇಳಿದ್ದು ದಿಟ ಕಣಕ್ಕ" ಎಂದಳು.

ನಾನು ಟವಲನ್ನು ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ, ಯಾರೂ ನೋಡದ ಹಾಗೆ ಒಗೆದೆ.