ರತ್ನಮ್ಮನ ತವರು

ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರು, ಕಾಲಿಗೆ ಸಾಕ್ಸು, ತಲೆಗೆ ಮಫ್ಲರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಎಲ್ಲರೂ ಫ್ಯಾನಿನ ಕೆಳಗೆ ಜಾಗ ಹುಡುಕುತ್ತಿದ್ದರೆ, ಮೇಲೂರಿನ ರತ್ನಮ್ಮ ಅಲ್ಲಿಂದ ಎದ್ದು ನಮ್ಮ ಬೆಂಚಿಗೆ ಬಂದಳು. ನೋವಿಗೆ ಮುದುಡಿ ಕೂತಿದ್ದ ನನ್ನ ಮಗಳು ನಿಮ್ಮಿಯನ್ನು ನೋಡಿ, "ನಮ್ ಜಾತಿನೇ," ಎಂದಳು.

ಕಾನ್ವೆಂಟಿನ ಮ್ಯಾನರ್ಸ್ ಕಲಿತು ಟೀಚರಾಗಿದ್ದ ನನಗೆ ರೂಡ್ ಅನ್ನಿಸಿತು. ಅವಳು ನಕ್ಕಳು. "ಆ ಜಾತಿ ಅಲ್ಲಮ್ಮ. ರಕ್ತದಲ್ಲಿ ಕುಡ್ಲು ಇಟ್ಕೊಂಡಿರೋ ಜಾತಿ."

ಸಿಕಲ್ ಸೆಲ್. ಗುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿ ತಾಗಿದರೆ, ಮೈಯಲ್ಲಿ ನೀರು ಕಡಿಮೆಯಾದರೆ ನೋವು ಏರುತ್ತದೆ. ಹುಟ್ಟಿನಿಂದ ಬಂದದ್ದು. ನಿಮ್ಮಿಗೆ ನಲವತ್ತು ದಾಟಿದೆ. ಈ ಕಾಯಿಲೆಯ ಜೊತೆ ಬದುಕಿ ನಾವಿಬ್ಬರೂ ದಣಿದಿದ್ದೇವೆ. ನಾಟಕ ಎನ್ನುವವರಿಗೆ ಎಕ್ಸ್‌ಪ್ಲೇನ್ ಮಾಡಿ ಇನ್ನಷ್ಟು ದಣಿದಿದ್ದೇವೆ.

ರತ್ನಮ್ಮನಿಗೆ ಮಾತ್ರ ಏನನ್ನೂ ವಿವರಿಸಬೇಕಿರಲಿಲ್ಲ. ರೇಷ್ಮೆ ನೂಲು ತೆಗೆಯುತ್ತಿದ್ದವಳು. ಬಿಸಿನೀರಿನ ಕೆಲಸ ಕೈಗೆ ಹಿತ, ಮೈಗೆ ಆಗಲಿಲ್ಲ, ಬಿಟ್ಟಳು. ಆಸ್ಪತ್ರೆಯ ಬೆಂಚುಗಳಿಂದಲೇ ನಮ್ಮನ್ನು ಆರಿಸಿಕೊಂಡಳು. ಚಿಂತಾಮಣಿಯಿಂದ ನಾವು, ಗೌರಿಬಿದನೂರಿನಿಂದ ಇಬ್ಬರು, ಹೀಗೆ. ತಿಂಗಳಿಗೊಂದು ಭಾನುವಾರ ಅವಳ ಜಗಲಿಯಲ್ಲಿ ಸೇರುತ್ತಿದ್ದೆವು. ಕೂರುವ ಮೊದಲೇ ಚೊಂಬು ನೀರು ಕೈಗೆ ಬರುತ್ತಿತ್ತು. ಒಮ್ಮೆ ನಿಮ್ಮಿ ಗೋಡೆ ಹಿಡಿದು ಅತ್ತಾಗ, "ಅಳೋದಾದ್ರೆ ಕೂತ್ಕೊಂಡ್ ಅಳೇ. ನಿಂತ್ಕೊಂಡ್ರೆ ಕಾಲೂ ನೋಯ್ತವೆ," ಎಂದಿದ್ದಳು. ನಿಮ್ಮಿ ಅಳುತ್ತಲೇ ನಕ್ಕಳು.

ರತ್ನಮ್ಮ ತನ್ನ ಮಗಳು ಪವಿತ್ರಳನ್ನು ನಂದಿಯಲ್ಲಿರುವ ತನ್ನ ತಮ್ಮ ನಾಗರಾಜುವಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದಲ್ಲ. ರತ್ನಮ್ಮ ಇಬ್ಬರಿಗೂ ಬ್ಲಡ್ ಟೆಸ್ಟ್ ಮಾಡಿಸಿದಳು. ಇಬ್ಬರೂ ಕ್ಯಾರಿಯರ್, ಅವರಿಗೆ ಕಾಯಿಲೆ ಇಲ್ಲ, ಆದರೆ ಹುಟ್ಟುವ ಮಗುವಿಗೆ ಬರಬಹುದು. ಅವಳು ಮದುವೆ ಬೇಡವೆಂದಳು.

ಒಂದು ಭಾನುವಾರ ನಾಗರಾಜು ನಮ್ಮೆಲ್ಲರ ಎದುರೇ ಬಂದು ನಿಂತ.

"ನಂಗೇನಾಗೈತಕ್ಕ? ಕಲ್ಲಿದ್ದಂಗಿದ್ದೀನಿ."

"ನಿಂಗೇನೂ ಆಗಲ್ಲ ಕಣೋ. ಹುಟ್ಟೋ ಕೂಸಿಗೆ ಆಯ್ತದೆ. ನಾನು ಒದ್ದಾಡೋದ್ ನೋಡ್ಕೊಂಡೇ ಬೆಳೆದೋನಲ್ವಾ ನೀನು?"

"ಹಂಗಾದ್ರೆ ಇವತ್ತಿಂದ ನಿಂಗೆ ತವರಿಲ್ಲ ಅಂದ್ಕೋ."

"ಅಂದ್ಕೊಂಡೆ," ಎಂದಳು. ಬಿಸಿಲಿದೆ, ನೀರು ಕುಡಿದು ಹೋಗು ಎಂದಳು. ಅವನು ಕುಡಿಯದೆ ಹೋದ.

ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಕೇಳಿದ್ದಕ್ಕೆ, ಬಸ್ ಸಿಕ್ಕಿರಲ್ಲ ಬಿಡಿ ಟೀಚರಮ್ಮ, ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನಂದಿ ಎಷ್ಟು ದೂರ ಅಂತ ನನಗೇನು ಗೊತ್ತಿಲ್ಲವೇ. ಪವಿತ್ರ ಬೇರೆ ಕಡೆ ಮದುವೆಯಾದಳು, ಹುಡುಗನ ರಕ್ತ ನೋಡಿಯೇ. ಧಾರೆಗೆ ಸೋದರಮಾವ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಎದೆಗೆ ಸೋಂಕಾಗಿ ರತ್ನಮ್ಮ ಹೋದಳು. ನಾವು ಮೇಲೂರು ತಲುಪಿದಾಗ ಮನೆಯ ಮುಂದೆ ಎಲ್ಲರೂ ಕಾಯುತ್ತಿದ್ದರು. ಹೋಗುವ ಹೆಣ್ಣಿಗೆ ಕೊನೆಯ ಸೀರೆ ತವರಿನವರೇ ಹೊದಿಸಬೇಕು. ಪವಿತ್ರ ಮಾವ ನಾಗರಾಜುವಿಗೆ ಫೋನ್ ಮಾಡುತ್ತಲೇ ಇದ್ದಳು; ಸ್ವಿಚ್ಡ್ ಆಫ್.

ನಿಮ್ಮಿ ಅಂಗಡಿಗೆ ಹೋಗಿ ಸೀರೆ ತಂದಳು. ಊರಿನ ಹಿರಿಯರೊಬ್ಬರು ತಡೆದರು. "ನೀನು ಏನಾಗ್ಬೇಕಮ್ಮ ಇವಳ್ಗೆ?"

"ತವರಿನವಳು," ಎಂದಳು ನಿಮ್ಮಿ.

ಅವರು ಪಕ್ಕಕ್ಕೆ ಸರಿದರು. ಚಳಿಗೆ ನಿಮ್ಮಿಯ ಬೆರಳು ಬಗ್ಗುತ್ತಿರಲಿಲ್ಲ, ಮಡಿಕೆ ಬಿಚ್ಚಲಾಗಲಿಲ್ಲ. ಗೌರಿಬಿದನೂರಿನವರು ಒಂದು ಅಂಚು ಹಿಡಿದರು, ನಾನೊಂದು ಹಿಡಿದೆ.